ಹೋರ್ಬ್‌ನಿಂದ ಟ್ಯೂಬಿಂಗನ್‌ವರೆಗೆ ಎರಡು ಸೈಕಲ್ಲು

ನಾನು ಸೈಕಲ್ ಕಲಿತದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಸ್ಟುಟ್‌ಗಾರ್ಟಿನ ಒಂದು ಶಾಲೆಯ ಹಿಂದೆ, ಕಾರು ನಿಲ್ಲಿಸುವ ಅಂಗಳದಲ್ಲಿ. ಶನಿವಾರ ಬೆಳಿಗ್ಗೆ ಆ ಅಂಗಳ ಖಾಲಿ ಇರುತ್ತಿತ್ತು. ಸಣ್ಣವರಿದ್ದಾಗ ಸೈಕಲ್ ಹತ್ತಲು ಮನೆಯಲ್ಲಿ ಬಿಡದಿದ್ದ, ಬೇರೆ ಬೇರೆ ದೇಶಗಳಿಂದ ಬಂದ ಹೆಂಗಸರಿಗಾಗಿಯೇ ನಡೆಸುವ ತರಗತಿ ಅದು. ಸಿರಿಯಾದ ಮೂವರು, ಟರ್ಕಿಯ ಒಬ್ಬ ಅಜ್ಜಿ, ಎರಿಟ್ರಿಯಾದ ಅಕ್ಕ ತಂಗಿ, ಒಬ್ಬ ಅಫಘಾನಿ ಹುಡುಗಿ, ಮತ್ತೆ ಗದಗಿನ ನಾನು. ಕಲಿಸುತ್ತಿದ್ದವರು ಒಂದು ಕಾಲಕ್ಕೆ ಆಟದ ಟೀಚರಾಗಿದ್ದ ಜರ್ಮನ್ ಮುದುಕಿ. ಕೊರಳಲ್ಲಿ ಸೀಟಿ ಹಾಕಿಕೊಂಡು ನಮ್ಮ ಪಕ್ಕ ಪಕ್ಕವೇ ಓಡುತ್ತಿದ್ದರು. ನಮಗಿಂತ ಮೊದಲು ಅವರಿಗೆ ಏದುಸಿರು ಬಂದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಗದಗಿನಲ್ಲಿ ಹನ್ನೊಂದು ವರ್ಷದವಳಿದ್ದಾಗ ಅಣ್ಣ ಬಾಡಿಗೆಗೆ ತಂದಿದ್ದ ಸೈಕಲ್ಲನ್ನು ಅವನಿಗೆ ಹೇಳದೆ ಹತ್ತಿ, ಬೆಟಗೇರಿ ರಸ್ತೆಯಲ್ಲಿ ಬಿದ್ದು ಗದ್ದ ಒಡೆದುಕೊಂಡಿದ್ದೆ. ಮೂರು ಹೊಲಿಗೆ ಹಾಕಿದರು. ಅಜ್ಜಿ ಅತ್ತರು, ಅಪ್ಪ ಅಣ್ಣನಿಗೆ ಹೊಡೆದರು. ಆಮೇಲೆ ನಮ್ಮ ಮನೆಯಲ್ಲಿ ನನ್ನ ಮುಂದೆ ಯಾರೂ ಸೈಕಲ್ಲಿನ ಮಾತೇ ಎತ್ತಲಿಲ್ಲ. ನನಗೂ ಮರೆತೇಹೋಗಿತ್ತು ಎಂದು ತಿಳಿದಿದ್ದೆ. ಸ್ಟುಟ್‌ಗಾರ್ಟಿಗೆ ಬಂದು ಇಪ್ಪತ್ತು ವರ್ಷ ಕಳೆದ ಮೇಲೆ, ಗ್ರಂಥಾಲಯದ ಗೋಡೆಯ ಮೇಲೆ ಆ ತರಗತಿಯ ಕಾಗದ ಅಂಟಿಸಿದ್ದನ್ನು ನೋಡಿ, ಯಾರಾದರೂ ನೋಡುತ್ತಿದ್ದಾರೇನೋ ಎಂದು ಹಿಂದೆ ಮುಂದೆ ನೋಡಿ, ಫೋನ್ ನಂಬರು ಬರೆದುಕೊಂಡೆ.

ಮನೆಯಲ್ಲಿ ಹೇಳಲಿಲ್ಲ. ಜರ್ಮನ್ ಮಾತಾಡುವ ಗುಂಪಿಗೆ ಹೋಗುತ್ತೇನೆಂದು ನಮ್ಮ ಮನೆಯವರಿಗೆ ಹೇಳಿದ್ದೆ. ಒಂದು ರೀತಿಯಲ್ಲಿ ಅದು ಸುಳ್ಳೂ ಅಲ್ಲ, ಅಲ್ಲಿ ಬಿದ್ದವರೆಲ್ಲ ಜರ್ಮನ್‌ನಲ್ಲೇ ಬೈದುಕೊಳ್ಳುತ್ತಿದ್ದರು. ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಇವರನ್ನು ಕೆಳಗೆ ಕರೆದು, ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ಹಸಿರು ಸೈಕಲ್ಲಿನ ಮೇಲೆ ನಮ್ಮ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬಂದೆ. ಇವರು ಬಾಯಿ ತೆರೆದುಕೊಂಡು ನಿಂತರು. "ಅಬ್ಬಬ್ಬಾ, ಯಾವಾಗ ಕಲ್ತಿ ನೀ?" ಎಂದು ಎರಡು ಸಲ ಕೇಳಿ ಚಪ್ಪಾಳೆ ಹೊಡೆದರು. ಆ ಸಂತೋಷ ನನಗೆ ವಾರಗಟ್ಟಲೆ ಸಾಕಾಯಿತು.

ಇದಾಗಿ ಎರಡು ವರ್ಷಕ್ಕೆ ಇವರ ಕೆಲಸ ಹೋಯಿತು.

ಕಾರಿನ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ಇವರು ಇಪ್ಪತ್ತೆರಡು ವರ್ಷ ಬ್ರೇಕಿನ ಕೆಲಸ ಮಾಡಿದವರು. ಬ್ರೇಕು ಎಷ್ಟು ಬಿಸಿಯಾಗುತ್ತದೆ, ಎಷ್ಟು ಸವೆಯುತ್ತದೆ, ಮಳೆಯಲ್ಲಿ ಎಷ್ಟು ದೂರಕ್ಕೆ ಗಾಡಿ ನಿಲ್ಲುತ್ತದೆ ಎಂದು ಕಂಪ್ಯೂಟರಿನ ಮೇಲೆ ಪರೀಕ್ಷಿಸುವುದು ಇವರ ಕೆಲಸ. ಬೇಸಿಗೆಯಲ್ಲಿ ಇವರ ಇಡೀ ವಿಭಾಗವನ್ನು ಮುಚ್ಚಿದರು. ಇವರೊಬ್ಬರೇ ಅಲ್ಲ, ನಲವತ್ತು ಜನ. ಕೊನೆಯ ದಿನ ತಮ್ಮ ಊಟದ ಡಬ್ಬಿ ಮತ್ತು ಆಫೀಸಿನಲ್ಲಿ ಇಟ್ಟುಕೊಂಡಿದ್ದ ಒಂದು ಜೊತೆ ಚಪ್ಪಲಿಯನ್ನು ಚೀಲದಲ್ಲಿ ತಂದು ಬಾಗಿಲ ಪಕ್ಕದಲ್ಲಿಟ್ಟರು. "ಚಾ ಮಾಡ್ತಿ?" ಎಂದು ಕೇಳಿದರು. ಅಷ್ಟೇ.

ಆ ಶರತ್ಕಾಲಕ್ಕೆ ನಾವು ಇಟಲಿಗೆ ಹೋಗುವುದಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತದೆಂದು ಬಾನ್‌ನಲ್ಲಿ ಓದುತ್ತಿರುವ ಮಗಳು ಒಂದು ವಾರದ ಸೈಕಲ್ ಪ್ರವಾಸ ಹುಡುಕಿಟ್ಟಿದ್ದಳು. ಗುಡ್ಡದ ಮೇಲೊಂದು ಕಲ್ಲಿನ ಊರು, ಕೆಳಗೆ ದ್ರಾಕ್ಷಿ ತೋಟ, ನಡುವೆ ಮಣ್ಣಿನ ದಾರಿ. ಆ ಚಿತ್ರಗಳನ್ನು ನಾನು ಅಡುಗೆಮನೆಯಲ್ಲಿ ನಿಂತು ದಿನಾ ನೋಡುತ್ತಿದ್ದೆ. ಆಫೀಸಿನ ಕಾಗದ ಬಂದ ಮೇಲೆ ಇವರು, "ಇಟಲಿ ಎಲ್ಲಿ ಓಡಿ ಹೋಗತೈತಿ? ಮುಂದ ನೋಡೂಣು" ಎಂದರು. ನಾನು ಹೂಂ ಎಂದೆ.

ಆಮೇಲೆ ಇವರು ಬಾಲ್ಕನಿಯಲ್ಲಿ ಕೂತರು. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತರೆ ಮಧ್ಯಾಹ್ನದವರೆಗೂ ಅಲ್ಲೇ. ಜಗಳವಿಲ್ಲ, ಸಿಡುಕಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವರು. ಮೆಟ್ಟಿಲ ಮೇಲೆ ಸಿಕ್ಕ ಮೇಲಿನ ಮನೆಯ ಮುದುಕ "ರಜೆಯೇ?" ಎಂದು ಕೇಳಿದರೆ "ಹೌದು, ರಜೆ" ಎಂದುಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಆ ಸುಳ್ಳು ಕೇಳಿದ ದಿನ ನನಗೆ ಮೊದಲ ಸಲ ಭಯವಾಯಿತು.

ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಇಲ್ಲಿಯೇ ಬೆಳೆದವಳು. ನನ್ನ ಜೊತೆ ಮಾತ್ರ ಗದಗಿನ ಕನ್ನಡದಲ್ಲಿ ಶುರು ಮಾಡಿ ಎಲ್ಲೋ ಮುಗಿಸುತ್ತಾಳೆ.

"ಅಮ್ಮಾ, ಇಟಲಿ ಇಲ್ಲಂದ್ರ ನೆಕ್ಕರ್ ಐತಲ್ಲ. ಹೋರ್ಬ್‌ತನಾ ಟ್ರೇನ್‌ನ್ಯಾಗ ಹೋಗ್ರಿ. ಅಲ್ಲಿಂದ ನದೀ ಬಾಜೂನ ಟ್ಯೂಬಿಂಗನ್‌ತನಾ ಸೈಕಲ್. ಒನ್ ಡೇ. ಆಲ್ಮೋಸ್ಟ್ ಎಲ್ಲಾ ಇಳಿಜಾರ. ಪಪ್ಪಾಗ ಫ್ರಿಶೆ ಲುಫ್ಟ್ ಬೇಕು."

ತಾಜಾ ಗಾಳಿ ಎನ್ನುವುದು ಅವಳ ಬಾಯಲ್ಲಿ ಜರ್ಮನ್‌ನಲ್ಲೇ ಬರುತ್ತದೆ.

"ಅವರು ಒಪ್ಪಂಗಿಲ್ಲ ಬಿಡವಾ."

"ಕೇಳಬ್ಯಾಡ. ಟಿಕೆಟ್ ತಗೊಂಡು ಹೇಳು."

ಹಾಗೇ ಮಾಡಿದೆ. ಇವರು ಒಲ್ಲೆ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಆದರೆ ಹಿಂದಿನ ದಿನ ಮಧ್ಯಾಹ್ನ ಬಾಲ್ಕನಿಯಿಂದ ಎದ್ದು ಮೇಲಿನ ಮನೆಯ ಮುದುಕನ ಸೈಕಲ್ಲನ್ನು ಕೇಳಿ ತಂದರು. ಕೆಳಗಿನ ಅಂಗಳದಲ್ಲಿ ಎರಡೂ ಸೈಕಲ್ಲುಗಳನ್ನು ತಲೆಕೆಳಗೆ ನಿಲ್ಲಿಸಿ ಚೈನಿಗೆ ಎಣ್ಣೆ ಹಾಕಿದರು, ಗಾಳಿ ತುಂಬಿದರು. ನನ್ನ ಹಸಿರು ಸೈಕಲ್ಲಿನ ಹಿಂದಿನ ಬ್ರೇಕಿನ ವಾಯರ್ ತುಕ್ಕು ಹಿಡಿದಿದೆಯೆಂದು ಹೊಸದು ತಂದು ಹಾಕಿದರು. ಕೈಗೆ ಕಪ್ಪು ಮೆತ್ತಿಕೊಂಡು ಮೇಲೆ ಬಂದ ಅವರ ಮುಖ ನೋಡಿ ನನಗೆ ಸಮಾಧಾನವಾಯಿತು. ನಾನು ಜೋಳದ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಶೇಂಗಾ ಚಟ್ನಿ ಕಟ್ಟಿದೆ.

ಸೆಪ್ಟೆಂಬರಿನ ಒಂದು ಮಂಗಳವಾರ. ಬೆಳಿಗ್ಗೆಯ ಟ್ರೇನಿನಲ್ಲಿ ಸೈಕಲ್ಲಿಡುವ ಬೋಗಿ ಖಾಲಿ ಇತ್ತು. ಎರಡೂ ಸೈಕಲ್ಲುಗಳನ್ನು ಪಟ್ಟಿಯಿಂದ ಬಿಗಿದು ಎದುರಿಗೆ ಕೂತೆವು. ಹೋರ್ಬ್ ನದಿಯ ದಂಡೆಯ ಕಡಿದಾದ ಗುಡ್ಡಕ್ಕೆ ಅಂಟಿಕೊಂಡ ಊರು. ಮೇಲೆ ಚರ್ಚು, ಗೋಪುರ, ಒಂದರ ಹೆಗಲ ಮೇಲೊಂದು ಕೂತಂತಿರುವ ಹಳೆಯ ಮನೆಗಳು. ಕೆಳಗೆ ಸೇತುವೆಯ ಮೇಲೆ ನಿಂತು ನಾನು ಮಗಳಿಗೆ ಫೋಟೋ ತೆಗೆದು ಕಳಿಸಿದೆ. ಮೇಲಕ್ಕೆ ಹತ್ತಿ ನೋಡೋಣವೇ ಎಂದು ಕೇಳಿದರೆ ಇವರು, "ಕೆಳಗಿಂದನ ಛಂದ ಕಾಣಸ್ತೈತಿ" ಎಂದರು. ಹೊರಟೆವು.

ಅಲ್ಲಿ ನೆಕ್ಕರ್ ಇನ್ನೂ ಸಣ್ಣ ನದಿ. ಸ್ಟುಟ್‌ಗಾರ್ಟಿನಲ್ಲಿ ನಾವು ನೋಡುವ, ಸರಕಿನ ದೋಣಿಗಳು ಓಡಾಡುವ ಅಗಲದ ನೀರಲ್ಲ. ಕೆಲವು ಕಡೆ ಕಲ್ಲುಗಳ ಮೇಲೆ ಹೆಜ್ಜೆಯಿಟ್ಟು ದಾಟಬಹುದೇನೋ ಅನ್ನಿಸುವಷ್ಟು. ದಾರಿ ಒಮ್ಮೆ ನೀರಿನ ಪಕ್ಕ, ಒಮ್ಮೆ ರೈಲು ಹಳಿಯ ಪಕ್ಕ, ಒಮ್ಮೆ ಹುಲ್ಲುಗಾವಲಿನ ನಡುವೆ. ಹೊಳೆಯ ಆಚೆ ಗುಡ್ಡದ ಮೇಲೆ ಕಾಡು, ಕಾಡಿನ ಅಂಚಿನಲ್ಲಿ ಒಂದು ಕೋಟೆ. ಬೆಳಗಿನ ಮಂಜು ಇನ್ನೂ ನೀರಿನ ಮೇಲಿತ್ತು. ನನ್ನ ಬೆರಳುಗಳು ತಣ್ಣಗಾಗಿದ್ದವು, ಆದರೆ ನಿಲ್ಲಲು ಮನಸ್ಸಾಗಲಿಲ್ಲ.

ಮೊದಲು ಇವರು ಮುಂದೆ ಹೋದರು. ಕಾಲೇಜಿನ ದಿನಗಳಲ್ಲಿ ಬಾಗಲಕೋಟೆಯಲ್ಲಿ ಸೈಕಲ್ ಹೊಡೆದವರು, ಅದೇ ವೇಗದಲ್ಲಿ ಹೊಡೆಯಬಹುದೆಂದು ತಿಳಿದಿದ್ದರು. ಐದಾರು ಕಿಲೋಮೀಟರಿಗೆ ಅವರ ಬೆನ್ನು ಹತ್ತಿರವಾಯಿತು, ಆಮೇಲೆ ನಾನೇ ದಾಟಿದೆ. "ನೀ ನಡಿ, ನಾ ಬರ್ತೀನಿ" ಎಂದರು. ನಾನು ನನ್ನ ಪಾಡಿಗೆ ಒಂದೇ ಹದದಲ್ಲಿ ತುಳಿದುಕೊಂಡು ಹೋದೆ. ಹಳ್ಳಿಗಳು ಬಂದವು, ಹೋದವು. ಒಂದು ಹಳ್ಳಿಯಲ್ಲಿ ಬಾವಿಕಟ್ಟೆಯ ಮೇಲೆ ಬೆಕ್ಕು ಮಲಗಿತ್ತು. ಇನ್ನೊಂದರಲ್ಲಿ ಚರ್ಚಿನ ಗಂಟೆ ನಾವು ಊರು ದಾಟುವವರೆಗೂ ಹೊಡೆಯುತ್ತಲೇ ಇತ್ತು. ನಡುವೆ ನಿಂತು ನೀರು ಕುಡಿಯುವಾಗ "ಕಾಲು ನೂಸ್ತಾವೇನ್ರಿ?" ಎಂದೆ. "ಇಲ್ಲ" ಎಂದರು. ಅವರ ತೊಡೆ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಮಗಳು ಹೇಳದೇ ಬಿಟ್ಟ ಸಂಗತಿಯೆಂದರೆ, ಆ ದಾರಿ ಕೆಲವು ಕಡೆ ನದಿಯನ್ನು ಬಿಟ್ಟು ಗುಡ್ಡ ಹತ್ತುತ್ತದೆ. ಒಂದು ಏರನ್ನು ನಾವಿಬ್ಬರೂ ಸೈಕಲ್ ತಳ್ಳಿಕೊಂಡು ಹತ್ತಿದೆವು. ಮೇಲಿಂದ ಕೆಳಗೆ ನೋಡಿದರೆ ಡಾಂಬರು ದಾರಿ ಸೀದಾ ಇಳಿದು, ಬುಡದಲ್ಲಿ ಒಂದು ತೋಟದ ಮನೆಯ ಮುಂದೆ ತಿರುಗಿತ್ತು. ತಿರುವಿನ ಈಚೆಗೆ ಗೋವಿನಜೋಳದ ಹೊಲ, ತಲೆಗಿಂತ ಎತ್ತರ.

ನಾನು ಮೊದಲು ಹೊರಟೆ. ಇಳಿಜಾರೆಂದರೆ ನನಗೆ ಆಗಲೂ ಈಗಲೂ ಪುಕ್ಕಲು. ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗುತ್ತೇನೆ. ಅರ್ಧ ಇಳಿದಿರಬೇಕು, ಕೈಯಲ್ಲಿದ್ದ ಬ್ರೇಕಿನ ಹಿಡಿ ಒಮ್ಮೆಲೇ ಹಗುರಾಯಿತು. ಒತ್ತಿದರೆ ಹ್ಯಾಂಡಲ್ಲಿಗೇ ಹೋಗಿ ತಾಗಿತು. ಮತ್ತೆ ಒತ್ತಿದೆ, ಏನೂ ಇಲ್ಲ. ಇಳಿಜಾರಿನಲ್ಲಿ ಮುಂದಿನ ಬ್ರೇಕೊಂದನ್ನೇ ಜೋರಾಗಿ ಹಿಡಿಯಬಾರದು, ಮುಗ್ಗರಿಸುತ್ತೀರಿ ಎಂದು ತರಗತಿಯಲ್ಲಿ ಹೇಳಿದ್ದರು. ಅದು ನೆನಪಿಗೆ ಬಂತು, ಏನು ಮಾಡಬೇಕೆಂಬುದು ಬರಲಿಲ್ಲ. ತೋಟದ ಮನೆಯ ಕಲ್ಲಿನ ಗೋಡೆ ನನ್ನ ಕಡೆಗೇ ಬರುತ್ತಿತ್ತು. ಎರಡೂ ಕಾಲು ನೆಲಕ್ಕೆ ಎಳೆದುಕೊಂಡು, ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿ ಗೋವಿನಜೋಳದೊಳಗೆ ನುಗ್ಗಿದೆ.

ದಂಟುಗಳು ಪಟಪಟನೆ ಮುರಿದವು. ಎಲೆಗಳು ಮುಖಕ್ಕೆ ಬಡಿದವು. ಆಮೇಲೆ ನಾನು ಒಂದು ಮಗ್ಗುಲಾಗಿ ಮಣ್ಣಿನ ಮೇಲಿದ್ದೆ, ಸೈಕಲ್ಲು ನನ್ನ ಕಾಲ ಮೇಲಿತ್ತು, ಅದರ ಗಾಲಿ ಇನ್ನೂ ತಿರುಗುತ್ತಿತ್ತು.

"ಏನಾತು? ಏಯ್, ಏನಾತು?" ಇವರು ತಮ್ಮ ಸೈಕಲ್ಲನ್ನು ದಾರಿಯಲ್ಲೇ ಕೆಡವಿ ಓಡಿ ಬಂದರು. ದಂಟು ಸರಿಸಿ ನನ್ನ ಮೇಲಿನ ಸೈಕಲ್ಲನ್ನು ಎತ್ತಿದರು. "ಪೆಟ್ಟಾತೇನು? ಕೈ ಎತ್ತು ನೋಡೂಣು."

ಮೊಣಕೈ ತರಚಿತ್ತು, ರಕ್ತ ಜಿನುಗುತ್ತಿತ್ತು. ಬೇರೇನೂ ಆಗಿರಲಿಲ್ಲ. ಆದರೆ ನನಗೆ ಸಿಟ್ಟು ಬಂತು.

"ಬ್ರೇಕ್ ಇಲ್ರಿ! ಬ್ರೇಕ ಇಲ್ಲ ಅದಕ್ಕ!"

"ಇಲ್ಲಂದ್ರ ಹೆಂಗ? ನಿನ್ನೆ ನಾನ ಹೊಸಾದು ಹಾಕೇನಿ."

"ನೀವು ಹಾಕಿದ್ದಕ್ಕ ಹಿಂಗಾತು! ಇಪ್ಪತ್ತೆರಡು ವರ್ಷ ಅದನ್ನ ಮಾಡಿ ಒಂದು ಸೈಕಲ್ ಬ್ರೇಕ್ ಹಾಕಾಕ ಬರಂಗಿಲ್ಲೇನ್ ನಿಮಗ?"

ಬಾಯಿಂದ ಹೊರಗೆ ಬಿದ್ದ ಮೇಲೆ ಆ ಮಾತು ನನಗೇ ಕೇಳಿಸಿತು. ಇವರು ಕೈಯಲ್ಲಿ ನನ್ನ ಸೈಕಲ್ಲು ಹಿಡಿದುಕೊಂಡೇ ನಿಂತರು. ಹಿಂದಿನ ಗಾಲಿಯ ಪಕ್ಕ ಹೊಸ ವಾಯರಿನ ತುದಿ ಬಿಚ್ಚಿಕೊಂಡು ಜೋತಾಡುತ್ತಿತ್ತು. ಅದನ್ನೇ ನೋಡುತ್ತಿದ್ದರು. ನಾನು ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಎದ್ದು ಬಟ್ಟೆಯ ಮಣ್ಣು ಝಾಡಿಸಿಕೊಂಡು ದಾರಿಗೆ ಬಂದೆ.

ದಾರಿಯಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಎಂಬತ್ತರ ಆಸುಪಾಸು, ಮೊಣಕಾಲವರೆಗಿನ ರಬ್ಬರ್ ಬೂಟು, ಹೂವಿನ ಏಪ್ರನ್, ಕೈಯಲ್ಲಿ ಉದುರಿದ ಸೇಬು ತುಂಬಿದ ಬುಟ್ಟಿ. ತೋಟದ ಮನೆಯವಳು. ನಾನು ಬೀಳುವುದನ್ನು ಮರದ ಕೆಳಗಿನಿಂದ ಪೂರ್ತಿ ನೋಡಿದ್ದಳು. ಆ ಕಡೆಯವರು ಮಾತಾಡುವ ಸ್ವಾಬಿಯನ್ ಜರ್ಮನ್ ನನಗೆ ಅರ್ಧ ಮಾತ್ರ ತಿಳಿಯುತ್ತದೆ. ನಾನು ಮುರಿದ ದಂಟುಗಳನ್ನು ತೋರಿಸಿ ಕ್ಷಮಿಸಿ ಎಂದೆ.

"ಅದು ನನ್ನದಲ್ಲ, ಪಕ್ಕದವನದು" ಎಂದಳು. "ಕಾಡುಹಂದಿಗಳು ದಿನಾ ಇದಕ್ಕಿಂತ ಹೆಚ್ಚು ಮುರಿಯುತ್ತವೆ. ಬನ್ನಿ, ಕೈ ತೊಳೆಯಿರಿ."

ಅಂಗಳದ ನಲ್ಲಿಯಲ್ಲಿ ಮೊಣಕೈ ತೊಳೆದುಕೊಂಡೆ. ಇವರು ಸೈಕಲ್ಲನ್ನು ತಳ್ಳಿಕೊಂಡು ಹಿಂದೆ ಬಂದು, ತಲೆಕೆಳಗೆ ನಿಲ್ಲಿಸಿ, ಮಂಡಿಯೂರಿ ಕೂತರು. ನಮ್ಮ ಬಳಿ ಪಾನಾ ಇರಲಿಲ್ಲ. ಬೆರಳಿನಿಂದ ನಟ್ಟು ತಿರುಗಿಸಲು ನೋಡಿದರು, ಆಗಲಿಲ್ಲ. ಮುದುಕಿ ಸ್ವಲ್ಪ ಹೊತ್ತು ನೋಡಿದಳು. ಬುಟ್ಟಿ ಕೆಳಗಿಟ್ಟು ಕೊಟ್ಟಿಗೆಯೊಳಗೆ ಹೋಗಿ ಒಂದು ಪಾನಾ, ಒಂದು ಇಕ್ಕಳ ತಂದಳು. ಇವರ ಕೈಗೆ ಕೊಡುತ್ತಾಳೆಂದು ನಾನು ತಿಳಿದೆ. ಕೊಡಲಿಲ್ಲ. ಇವರ ಹೆಗಲನ್ನು ಎರಡು ಬೆರಳಿನಿಂದ ತಟ್ಟಿ ಪಕ್ಕಕ್ಕೆ ಸರಿಸಿ ತಾನೇ ಬಗ್ಗಿದಳು.

ನಟ್ಟು ಸಡಿಲಿಸಿದಳು. ವಾಯರಿನ ತುದಿಯನ್ನು ಇಕ್ಕಳದಿಂದ ಎಳೆದು ತೋರಿಸಿದಳು. "ನೋಡಿ, ಇಲ್ಲಿ ಒಂದು ಗೀರು ಇದೆ. ವಾಯರು ಈ ಗೀರಿನಲ್ಲಿ ಕೂರಬೇಕು. ಇದನ್ನು ಮೇಲಿಂದ ಹಾದು ಬಿಟ್ಟಿದ್ದಾರೆ. ಎರಡು ದಿನ ಹಿಡಿಯುತ್ತದೆ, ಆಮೇಲೆ ಜಾರುತ್ತದೆ. ಇದನ್ನು ಯಾರು ಹಾಕಿದ್ದು?"

"ನಾನು" ಎಂದರು ಇವರು.

"ನಿಮ್ಮ ಕೆಲಸ ಏನು?"

ನಾನು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದೆ. ಇವರು ರಜೆಯಲ್ಲಿದ್ದೇನೆ ಎನ್ನುತ್ತಾರೆ ಎಂದುಕೊಂಡೆ.

"ಬ್ರೇಕು" ಎಂದರು. "ಕಾರಿನ ಬ್ರೇಕು. ಇಪ್ಪತ್ತೆರಡು ವರ್ಷದಿಂದ."

ಮುದುಕಿ ತಲೆಯೆತ್ತಿ ಇವರನ್ನು ನೋಡಿದಳು. ಸೈಕಲ್ಲನ್ನು ನೋಡಿದಳು. ನನ್ನ ಮೊಣಕೈಯನ್ನೂ ನೋಡಿದಳು. "ನನ್ನ ಕಾರು ಯಾವ ಕಂಪನಿಯದು ಎಂದು ಒಳಗೆ ಹೋಗಿ ನೋಡಿಕೊಂಡು ಬರುತ್ತೇನೆ ಇರಿ" ಎಂದಳು.

ಇವರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಬಿಟ್ಟು, ಆಮೇಲೆ ಮಂಡಿಯ ಮೇಲೆ ನಿಲ್ಲಲಾಗದೆ ಅಂಗಳದ ಕಲ್ಲಿನ ಮೇಲೇ ಕೂತು. ಕಣ್ಣಲ್ಲಿ ನೀರು ಬಂತು. ಮುದುಕಿಯೂ ನಕ್ಕಳು, ಅವಳಿಗೆ ಇದ್ದದ್ದು ನಾಲ್ಕೈದು ಹಲ್ಲು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಈಗ ಹೇಳಲಾರೆ. ಆ ನಗುವನ್ನು ನಾನು ಎರಡು ತಿಂಗಳಿಂದ ಕೇಳಿರಲಿಲ್ಲ.

"ಈಗ ಆ ಕೆಲಸ ಇಲ್ಲ" ಎಂದರು ಇವರು, ಕಣ್ಣೊರೆಸಿಕೊಳ್ಳುತ್ತ, ಜರ್ಮನ್‌ನಲ್ಲಿ. "ವಿಭಾಗ ಮುಚ್ಚಿದರು. ನನ್ನನ್ನೂ ಕಳಿಸಿದರು."

"ಹಾಂ" ಎಂದಳು ಮುದುಕಿ. "ನನ್ನ ತಂಗಿಯ ಮಗನನ್ನೂ." ಅಷ್ಟು ಹೇಳಿ ನಟ್ಟು ಬಿಗಿದಳು. ಬ್ರೇಕಿನ ಹಿಡಿಯನ್ನು ನಾಲ್ಕು ಸಲ ಒತ್ತಿ ನೋಡಿದಳು. ಪಾನಾವನ್ನು ಏಪ್ರನ್ನಿಗೆ ಒರೆಸಿ ಇವರ ಕೈಗೆ ಕೊಟ್ಟು, ಮುಂದಿನ ಬ್ರೇಕನ್ನು ನೀವೇ ನೋಡಿ, ನಾನು ನಿಂತು ನೋಡುತ್ತೇನೆ ಎಂದಳು. ಇವರು ನೋಡಿದರು. ಸರಿಯಿತ್ತು. ಹೊರಡುವಾಗ ನನ್ನ ಮೊಣಕೈಗೆ ಪಟ್ಟಿ ಅಂಟಿಸಿ, ಚೀಲಕ್ಕೆ ಆರು ಸೇಬು ಹಾಕಿದಳು. ನಾನು ನಮ್ಮ ಬುತ್ತಿಯಿಂದ ಎರಡು ರೊಟ್ಟಿ, ಚಟ್ನಿಪುಡಿ ಕೊಟ್ಟೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಖಾರಕ್ಕೆ ಕಣ್ಣರಳಿಸಿ, ಉಳಿದದ್ದನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡಳು.

ರೊಟನ್‌ಬುರ್ಗ್ ತಲುಪಿದಾಗ ಒಂದು ಗಂಟೆ ದಾಟಿತ್ತು. ಅದು ಹಳೆಯ ಊರು. ಸಣ್ಣ ಊರಾದರೂ ನಡುವಿನ ಚೌಕದಲ್ಲಿ ದೊಡ್ಡ ಚರ್ಚು, ಕಲ್ಲಿನ ಕಾರಂಜಿ, ಕೋಟೆಗೋಡೆಯ ಉಳಿಕೆ. ಸೈಕಲ್ಲುಗಳನ್ನು ತಳ್ಳಿಕೊಂಡು ಚೌಕ ಸುತ್ತಿದೆವು. ಕಟ್ಟಿಗೆಯ ಚೌಕಟ್ಟಿನ ಮನೆಗಳು ಒಂದಕ್ಕೊಂದು ವಾಲಿಕೊಂಡಿದ್ದವು. ಒಂದು ಮನೆಯ ಬಾಗಿಲ ಮೇಲೆ ಅದನ್ನು ಕಟ್ಟಿದ ವರ್ಷ ಕೆತ್ತಿದ್ದರು. ಇವರು ಅದನ್ನು ಓದಿ, ಬೆರಳಿನಿಂದ ಆ ತೊಲೆಯನ್ನು ತಟ್ಟಿ ನೋಡಿದರು. ನದಿಯ ಪಕ್ಕ ಬೆಂಚೊಂದು ಸಿಕ್ಕಿತು. ಕೂತು ಬುತ್ತಿ ಬಿಚ್ಚಿದೆ.

"ತಪ್ಪಾತ್ರಿ" ಎಂದೆ. "ಹೊಲದಾಗ ಹಂಗ ಅನಬಾರದಿತ್ತು."

"ಖರೇನ ಅಂದಿ." ರೊಟ್ಟಿಯಲ್ಲಿ ಎಣ್ಣೆಗಾಯಿ ಸುತ್ತಿಕೊಂಡು ತಿನ್ನುತ್ತ ಹೇಳಿದರು. "ಇಷ್ಟು ವರ್ಷ ಒಂದ ಒಂದು ನಟ್ ಕೈಯಾಗ ಹಿಡದಿಲ್ಲ ನಾ. ಎಲ್ಲಾ ಸ್ಕ್ರೀನ್ ಮ್ಯಾಲ."

ಬಾತುಕೋಳಿಗಳು ರೊಟ್ಟಿಯ ಆಸೆಗೆ ದಂಡೆಗೆ ಬಂದವು. ಇವರು ಒಂದು ಚೂರು ಎಸೆದರು.

"ನಿನಗೊಂದು ಹೇಳಬೇಕಿತ್ತು. ನೀ ಸೈಕಲ್ ಕಲಿಯೂದು ನನಗ ಮೊದಲ ಗೊತ್ತಿತ್ತು."

"ಯಾವಾಗ?"

"ನೀ ಶುರು ಮಾಡಿ ಎರಡನೇ ವಾರೋ ಮೂರನೇ ವಾರೋ. ಕಟಿಂಗ್ ಮಾಡಿಸ್ಕೊಳ್ಳಾಕ ಹೊಂಟಿದ್ದೆ. ಟ್ರಾಮ್ ಆ ಸಾಲಿ ಹಿಂದಿನಿಂದನ ಹೋಗತೈತಿ. ಕಿಟಕ್ಯಾಗ ನೋಡ್ತೀನಿ, ನೀ ಸೈಕಲ್ ಮ್ಯಾಲೆ! ನೋಡಾಕತ್ತಿದ್ದಂಗನ ದೊಪ್ಪಂತ ಬಿದ್ದಿ."

"ಮತ್ತ ಇಳಿದು ಬರಲಿಲ್ಲ?"

"ಬಂದೆ. ಮುಂದಿನ ಸ್ಟಾಪಿನ್ಯಾಗ ಇಳದು ತಿರುಗಿ ನಡಕೊಂತ ಬಂದೆ. ಬೇಲಿತನಾ ಬಂದೆ. ಅಷ್ಟೊತ್ತಿಗೆ ನೀ ಎದ್ದು ನಗಾಕತ್ತಿದ್ದಿ. ಆ ಟೀಚರೂ ನಗಾಕತ್ತಿದ್ರು. ನಾ ಕಂಡ್ರ ನೀ ನಿಲ್ಲಸ್ತಿ ಅನ್ನಿಸ್ತು. ಹಂಗ ಹೋಗಿಬಿಟ್ಟೆ."

"ಮತ್ತ ನಾ ಬೀದ್ಯಾಗ ಹೊಡದು ತೋರಿಸಿದಾಗ ಅಷ್ಟು ಆಶ್ಚರ್ಯ ಪಟ್ರಿ?"

"ಪಡಬೇಕಲ್ಲ" ಎಂದರು.

ಎರಡು ವರ್ಷ ನಾನು ಆ ಗುಟ್ಟನ್ನು ನನ್ನದೆಂದು ನೆನೆದು ಖುಷಿಪಟ್ಟಿದ್ದೆ. ಅದು ಹೋಯಿತೆಂದು ಒಂದು ನಿಮಿಷ ಬೇಸರವಾಯಿತು, ನಿಜ. ಆಮೇಲೆ ಬೇಲಿಯ ಆಚೆ ನಿಂತು ತಿರುಗಿ ಹೋದ ಇವರನ್ನು ನೆನೆಸಿಕೊಂಡೆ. ಒಂದು ಸೇಬು ಒರೆಸಿ ಅವರ ಕೈಗೆ ಕೊಟ್ಟೆ.

ಸೇಬು ಕಚ್ಚುತ್ತ ಇವರೇ ಮತ್ತೆ ಮಾತೆತ್ತಿದರು.

"ಕೊನೇ ದಿನ ಕಾರ್ಡ್ ವಾಪಸ್ ಕೊಟ್ಟು ಗೇಟಿನ ಹೊರಗ ಬಂದೆ. ಬಂದ ಮ್ಯಾಲೆ ನೆನಪಾತು, ಛತ್ರಿ ಒಳಗ ಬಿಟ್ಟೇನಿ ಅಂತ. ತಿರುಗಿ ಹೋಗಾಕ ಕಾರ್ಡಿಲ್ಲ. ಗೇಟಿನವ ಪರಿಚಯದವನ, ದಿನಾ ನಮಸ್ಕಾರ ಮಾಡಾವ. ಕೇಳಿದ್ರ ಬಿಡತಿದ್ದ. ಕೇಳಾಕ ಆಗಲಿಲ್ಲ ನನಗ."

"ಯಾವ ಛತ್ರಿ?"

"ಕರೀದು. ನೀ ಗದಗದಿಂದ ತಂದಿದ್ದಲ್ಲ."

"ಅದು ಹರದಿತ್ತಲ್ರಿ."

"ಹರದಿತ್ತು" ಎಂದರು. "ಆದ್ರೂ."

ಆಮೇಲೆ ಬಹಳ ಹೊತ್ತು ಮಾತಾಡಿದರು. ಆ ನಲವತ್ತು ಜನರಲ್ಲಿ ಯಾರು ಯಾರು ಏನೇನು ಮಾಡುತ್ತಿದ್ದಾರೆ, ಯಾರು ಫೋನ್ ಮಾಡಿದರೂ ತಾವು ಎತ್ತಲಿಲ್ಲ, ಐವತ್ನಾಲ್ಕು ವರ್ಷದವನನ್ನು ಯಾರು ಕರೆಯುತ್ತಾರೆ ಎಂಬ ಹೆದರಿಕೆ. ಬಾಲ್ಕನಿಯಲ್ಲಿ ಕೂತು ಏನು ಯೋಚಿಸುತ್ತಿದ್ದಿರಿ ಎಂದು ನಾನು ಕೇಳಿದೆ. ಏನೂ ಇಲ್ಲ, ಎದುರಿನ ರಸ್ತೆಯಲ್ಲಿ ಕಾರುಗಳು ಸಿಗ್ನಲ್ಲಿಗೆ ನಿಲ್ಲುವುದನ್ನು ನೋಡುತ್ತಿದ್ದೆ ಎಂದರು. ಬುತ್ತಿ ಖಾಲಿಯಾಯಿತು, ಬಾತುಕೋಳಿಗಳು ಹೋದವು, ನಾವೂ ಎದ್ದೆವು.

ರೊಟನ್‌ಬುರ್ಗ್ ದಾಟಿದ ಮೇಲೆ ಕಣಿವೆ ಅಗಲವಾಯಿತು, ದಾರಿ ಸಮತಟ್ಟಾಯಿತು. ಹೊಲಗಳಲ್ಲಿ ತೆಂಗಿನಮರದಷ್ಟು ಎತ್ತರದ ಕಂಬಗಳನ್ನು ಸಾಲಾಗಿ ನೆಟ್ಟು ತಂತಿ ಕಟ್ಟಿದ್ದರು. ಇವರು ಕರೆಂಟಿನ ಕೆಲಸ ನಡೆದಿದೆ ಎಂದರು. ಒಂದು ಸಾಲಿನಲ್ಲಿ ಬಳ್ಳಿಗಳು ಇನ್ನೂ ಉಳಿದಿದ್ದವು. ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯೆಂದು ಪಕ್ಕದ ಫಲಕದಲ್ಲಿ ಬರೆದಿತ್ತು. ಎಡಕ್ಕೆ ದೂರದಲ್ಲಿ ಬೋಳು ಗುಡ್ಡ, ಅದರ ತುದಿಯಲ್ಲಿ ಒಂದೇ ಒಂದು ಬಿಳಿಯ ಪ್ರಾರ್ಥನಾಮಂದಿರ, ಇಳಿಜಾರಿನಲ್ಲಿ ದ್ರಾಕ್ಷಿ ತೋಟ. ನಾನು ಸೈಕಲ್ ನಿಲ್ಲಿಸಿದೆ. ಅಡುಗೆಮನೆಯಲ್ಲಿ ನಿಂತು ನೋಡುತ್ತಿದ್ದ ಇಟಲಿಯ ಚಿತ್ರಗಳಲ್ಲಿ ಒಂದು ಹೀಗೇ ಇತ್ತು. ಇವರಿಗೆ ಹೇಳಿದೆ.

"ಅಂದ್ರ ಇಟಲಿ ಮುಗೀತು?" ಎಂದರು.

"ಏನೂ ಮುಗಿದಿಲ್ಲ. ಅಲ್ಲಿಗೂ ಹೋಗೂದ ಐತಿ."

"ನನ್ನ ಕಾಲು ಕೇಳಿ ಹೇಳ್ತೀನಿ."

ಈಗ ಇಬ್ಬರೂ ಪಕ್ಕ ಪಕ್ಕದಲ್ಲೇ ಹೋಗುತ್ತಿದ್ದೆವು. ಹಿಂದಿನಿಂದ ಗಂಟೆ ಬಾರಿಸಿದವರಿಗೆ ದಾರಿ ಬಿಡಲು ಮಾತ್ರ ಒಬ್ಬರ ಹಿಂದೊಬ್ಬರು ಸರಿಯುವುದು, ಮತ್ತೆ ಪಕ್ಕಕ್ಕೆ ಬರುವುದು. ಆ ಒಂದೂವರೆ ತಾಸು ನನಗೆ ಆ ಇಡೀ ದಿನದಲ್ಲಿ ಹೆಚ್ಚು ಇಷ್ಟವಾದದ್ದು. ಆಗ ಏನೂ ನಡೆಯಲಿಲ್ಲ. ಬಿಸಿಲು ಬೆನ್ನ ಮೇಲಿತ್ತು, ಗಾಳಿ ಹಿಂದಿನಿಂದ ಬೀಸುತ್ತಿತ್ತು.

ಟ್ಯೂಬಿಂಗನ್‌ನ ಹಳೆಯ ಊರಿನಲ್ಲಿ ಬೀದಿಗಳಿಗೆ ಗುಂಡುಕಲ್ಲು ಹಾಸಿದ್ದಾರೆ. ಸೈಕಲ್ ಹೊಡೆದರೆ ಹಲ್ಲು ಕಟಕಟ ಎನ್ನುತ್ತವೆ. ಇಳಿದು ತಳ್ಳಿಕೊಂಡು ಹತ್ತಿದೆವು. ಚಿತ್ರ ಬರೆದ ಗೋಡೆಯ ನಗರಸಭೆ, ಅದರ ಎದುರು ಇಳಿಜಾರಿನ ಚೌಕ, ನೆಲದ ಮೇಲೆ ಕೂತ ಕಾಲೇಜು ಹುಡುಗ ಹುಡುಗಿಯರು. ನಾವೂ ಅವರ ನಡುವೆ ನೆಲದ ಮೇಲೆ ಕೂತೆವು. ಇಷ್ಟು ವರ್ಷ ಈ ದೇಶದಲ್ಲಿದ್ದು ನಾವು ಹಾಗೆ ಬೀದಿಯ ನೆಲದ ಮೇಲೆ ಕೂತದ್ದು ಅದೇ ಮೊದಲು. ಎದ್ದೇಳುವಾಗ ಇವರಿಗೆ ಏಳಲು ಆಗಲಿಲ್ಲ, ಮೊಣಕಾಲು ಹಿಡಿದುಕೊಂಡಿತ್ತು. ನಾನು ಕೈ ಕೊಟ್ಟು ಎಳೆಯುವಾಗ ಪಕ್ಕದ ಹುಡುಗಿಯೊಬ್ಬಳು ಇನ್ನೊಂದು ಕೈ ಹಿಡಿದಳು. "ಎಲ್ಲಿಂದ ಬಂದಿರಿ?" ಎಂದು ಕೇಳಿದಳು. ಅವಳು ಕೇಳಿದ್ದು ಯಾವ ದೇಶ ಎಂದೋ ಏನೋ. ಇವರು "ಹೋರ್ಬ್‌ನಿಂದ" ಎಂದರು, ಎದೆಯುಬ್ಬಿಸಿಕೊಂಡು.

ಸಂಜೆಯ ಟ್ರೇನಿನಲ್ಲಿ ಸೈಕಲ್ಲಿಗೆ ಜಾಗ ಸಿಗಲಿಲ್ಲ. ಮುಂದಿನ ಟ್ರೇನಿಗೆ ಕಾಯುತ್ತ ಸೇತುವೆಯ ಗೋಡೆಗೆ ಒರಗಿ ಐಸ್‌ಕ್ರೀಮ್ ತಿಂದೆವು. ಕೆಳಗೆ ಉದ್ದನೆಯ ದೋಣಿಗಳನ್ನು ಗಳುವಿನಿಂದ ತಳ್ಳುತ್ತಿದ್ದರು. ಇವರು ಫೋನ್ ತೆಗೆದು, ಆ ನಲವತ್ತು ಜನರಲ್ಲಿ ತಮಗೆ ಮೂರು ಸಲ ಕರೆ ಮಾಡಿದ್ದ ಗೆಳೆಯನಿಗೆ ತಾವೇ ಫೋನ್ ಮಾಡಿದರು. ನಾನು ಸ್ವಲ್ಪ ದೂರ ಸರಿದು ನಿಂತೆ. ಮಾತಿನ ನಡುವೆ ಗೋವಿನಜೋಳ, ಮುದುಕಿ, ಪಾನಾ ಎಂದೆಲ್ಲ ಕೈಯಾಡಿಸಿ ಜರ್ಮನ್‌ನಲ್ಲಿ ವರ್ಣಿಸುತ್ತಿದ್ದುದು ಕಾಣುತ್ತಿತ್ತು.

ಎರಡು ದಿನ ನಮಗಿಬ್ಬರಿಗೂ ಮೆಟ್ಟಿಲು ಇಳಿಯಲಾಗಲಿಲ್ಲ. ಮೂರನೆಯ ದಿನ ಇವರು ಮೇಲಿನ ಮನೆಯ ಮುದುಕನಿಗೆ ಸೈಕಲ್ ತೊಳೆದು ವಾಪಸ್ ಕೊಡಲು ಹೋಗಿ ಒಂದು ತಾಸು ಅಲ್ಲೇ ಕೂತು ಬಂದರು. ರಜೆಯಲ್ಲ, ಕೆಲಸ ಹೋಗಿದೆ ಎಂದು ಹೇಳಿ ಬಂದೆ ಎಂದರು. ಕೆಲಸ ಕೂಡಲೇ ಸಿಗಲಿಲ್ಲ. ಆ ಚಳಿಗಾಲ ಉದ್ದವಾಗಿತ್ತು. ಬರೆದ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. ಕೆಲವು ದಿನ ಮತ್ತೆ ಬಾಲ್ಕನಿ, ಕೋಟು ಹಾಕಿಕೊಂಡು. ಆದರೆ ಒಳಗೆ ಬಂದು ಮಾತಾಡುತ್ತಿದ್ದರು.

ಏಪ್ರಿಲಿನಲ್ಲಿ ದೂರದ ಊರಾದ ಡಾರ್ಮ್‌ಸ್ಟಾಟಿನ ಒಂದು ಸಣ್ಣ ಕಂಪನಿ ಕರೆಯಿತು. ಬ್ರೇಕಲ್ಲ, ಬೇರೆಯದೇ ಕೆಲಸ, ಹೊಸದಾಗಿ ಕಲಿಯಬೇಕು. ವಾರದಲ್ಲಿ ನಾಲ್ಕು ದಿನ ಅಲ್ಲಿ ಒಂದು ಕೋಣೆಯಲ್ಲಿರುತ್ತಾರೆ. ಎರಡು ವಾರಕ್ಕೊಮ್ಮೆ ಗುರುವಾರ ಸಂಜೆ ನಾನು ಹಸಿರು ಸೈಕಲ್ಲನ್ನು ಟ್ರೇನಿಗೆ ಹತ್ತಿಸಿಕೊಂಡು ಅಲ್ಲಿಗೆ ಹೋಗುತ್ತೇನೆ. ಶುಕ್ರವಾರ ಅವರಿಗೆ ಬಿಡುವು, ಅಲ್ಲೇ ಒಂದು ಹಳೆಯ ಸೈಕಲ್ ಕೊಂಡಿದ್ದಾರೆ. ಊರಿನ ದಕ್ಷಿಣಕ್ಕೆ ಗುಡ್ಡದ ಬುಡದಲ್ಲಿ ಒಂದು ದಾರಿ ಹೋಗುತ್ತದೆ, ಬಾದಾಮಿ ಮರಗಳು ಅಲ್ಲಿ ಬೇರೆಡೆಗಿಂತ ಬೇಗ ಹೂಬಿಡುತ್ತವಂತೆ. ಕೆಲಸ ಸಿಗುವಷ್ಟರಲ್ಲಿ ಉದುರಿದ್ದವು, ನಾವು ಇನ್ನೂ ಆ ಹೂವು ನೋಡಿಲ್ಲ. ಹೋದ ಸಲ ಮೂರನೆಯ ಹಳ್ಳಿಯವರೆಗೆ ಹೋಗಿ, ಮಳೆ ಬಂತೆಂದು ಒಂದು ಬೇಕರಿಯಲ್ಲಿ ಕೂತು, ಟ್ರಾಮಿನಲ್ಲಿ ವಾಪಸ್ ಬಂದೆವು.